ಜುಲೈ ರಜೆನ ಡಿಸೆಂಬರಿಗೆ ತಳ್ಳಬೇಡಿ

ಜುಲೈಲಿ ಪುನರ್ವಸು ಮಳೆ ಹಿಡೀತು ಅಂದ್ರೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಕಡೆ ಬೆಳಗಾಗೋದೇ ಒಂದು ಪ್ರಶ್ನೆಯಿಂದ, ಡಿಸಿ ರಜೆ ಕೊಟ್ರಾ ಇಲ್ವಾ. ಹೋದ ವರ್ಷದ ಆದೇಶಕ್ಕೆ ಡೇಟ್ ತಿದ್ದಿ ವಾಟ್ಸಾಪಲ್ಲಿ ಹರಿಬಿಡೋ ಮಹಾನುಭಾವರೂ ಇದ್ದಾರೆ, ಅವರ ವಿಷಯ ಬಿಡಿ. ರಜೆ ಕೊಡೋದು ಬೇಡ ಅಂತ ನಾನು ಯಾವತ್ತೂ ಹೇಳಲ್ಲ, ಹಳ್ಳ ತುಂಬಿ ಹರಿಯುವಾಗ ಕಾಲುಸಂಕ (ಮರದ ಕಿರುಸೇತುವೆ) ದಾಟಿ ಬರೋ ಮಕ್ಕಳು ಇರೋ ಶಾಲೆಲಿ ಪಾಠ ಮಾಡಿದೋರು ಯಾರೂ ಹೇಳಲ್ಲ. 2019ರ ಆಗಸ್ಟ್ ನೆನಪಿದೆಯಲ್ಲ, ಗುಡ್ಡ ಕುಸಿದು ಚಾರ್ಮಾಡಿ ಘಾಟ್ ಬಂದ್ ಆಗಿತ್ತು. ನನ್ನ ತಕರಾರು ರಜೆ ಮುಗಿದ ಮೇಲೆ ಶುರುವಾಗೋ ಲೆಕ್ಕದ ಮೇಲೆ.

ರಜೆ ಆದೇಶದ ಜೊತೆಗೇ ಒಂದು ಸಾಲು ಬರುತ್ತೆ, ಈ ದಿನವನ್ನ ಮುಂದೆ ಶನಿವಾರ ಮಧ್ಯಾಹ್ನ ಅಥವಾ ಭಾನುವಾರ ಸರಿದೂಗಿಸಿಕೊಳ್ಳಿ ಅಂತ. ಯಾಕೆ ಅಂತ ಸುಮಾರು ಪೋಷಕರಿಗೆ ಗೊತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ಕ್ಲಾಸಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಗಂಟೆ ಬೋಧನೆ ಆಗಬೇಕು, 6ರಿಂದ 8ಕ್ಕೆ 220 ದಿನ, 1000 ಗಂಟೆ. ನಮ್ಮ ಇಲಾಖೆ ಕ್ಯಾಲೆಂಡರ್ ಸಾಮಾನ್ಯವಾಗಿ 240ರ ಆಸುಪಾಸು ದಿನ ಇಟ್ಕೊಂಡೇ ಶುರುವಾಗುತ್ತೆ, ಅಂದ್ರೆ ಹೈಯರ್ ಪ್ರೈಮರಿಗೆ ಕೈಯಲ್ಲಿ ಇರೋದು ಇಪ್ಪತ್ತು ದಿನದ ಆಚೀಚೆ. ಇದರಲ್ಲೇ ಟ್ರೈನಿಂಗು, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಎಲೆಕ್ಷನ್ ಡ್ಯೂಟಿ ಎಲ್ಲದಕ್ಕೂ ಮೇಷ್ಟ್ರುಗಳು ಹೋಗಬೇಕು. ಕಡೂರು, ಅಜ್ಜಂಪುರದ ಕಡೆ ಶಾಲೆಗಳಿಗೆ ಮಳೆ ರಜೆ ಅಷ್ಟು ತಟ್ಟಲ್ಲ, ಒಂದೇ ಜಿಲ್ಲೆ, ಒಂದೇ ಪರೀಕ್ಷೆ, ಆದ್ರೆ ಮಲೆನಾಡು ತಾಲ್ಲೂಕುಗಳಲ್ಲಿ ಈ ಇಪ್ಪತ್ತರ ದೊಡ್ಡ ಪಾಲು ಜುಲೈ ಆಗಸ್ಟಲ್ಲೇ ಖಾಲಿ. ಹಾಸನ ಜಿಲ್ಲೆಲೂ ಹಂಗೇನೇ, ಸಕಲೇಶಪುರದ ಮಕ್ಕಳ ಜುಲೈ ಬೇರೆ, ಅರಸೀಕೆರೆ ಮಕ್ಕಳ ಜುಲೈ ಬೇರೆ.

ಇನ್ನು ರಜೆ ಇಲ್ಲದ ಮಳೆ ದಿನಗಳು, ಇವು ಯಾವ ರಿಜಿಸ್ಟರಲ್ಲೂ ಲಾಸ್ ಅಂತ ಬರಲ್ಲ. ಶೀಟಿನ ಮಾಡು ಇರೋ ಕ್ಲಾಸ್‌ರೂಮಲ್ಲಿ ಆಶ್ಲೇಷ ಮಳೆ ಹೊಡೀತಾ ಇದ್ರೆ ಮೇಷ್ಟ್ರು ಕೂಗಿದ್ದು ಮೂರನೇ ಬೆಂಚಿಗೆ ಕೇಳಲ್ಲ, ಬೋರ್ಡಲ್ಲಿ ಬರೆದಿದ್ದನ್ನ ಮಕ್ಕಳು ಕಾಪಿ ಮಾಡ್ಕೋತಾರೆ ಅಷ್ಟೆ. ಒದ್ದೆ ಯೂನಿಫಾರ್ಮಲ್ಲಿ ಕೂತಿರ್ತಾರೆ, ಕರೆಂಟ್ ಇರಲ್ಲ, ಎಸ್ಟೇಟ್ ಲೈನಿನಿಂದ, ಅಂದ್ರೆ ಕಾಫಿ ತೋಟದ ಕೂಲಿಯವರ ಸಾಲುಮನೆಗಳಿಂದ ಬರೋ ಅರ್ಧ ಮಕ್ಕಳು ಬಂದೇ ಇರಲ್ಲ. ಹಾಜರಾತಿಲಿ ಅದು ಪೂರ್ತಿ ಒಂದು ದಿನ. ಅದಕ್ಕೇ ನಾನು ನಮ್ಮ ಕ್ಲಸ್ಟರ್ ಮೀಟಿಂಗಲ್ಲಿ (ಸುತ್ತಲಿನ ಶಾಲೆಗಳ ಮೇಷ್ಟ್ರುಗಳು ಸೇರೋ ಸಭೆ) ಪದೇ ಪದೇ ಹೇಳೋದು, ಎಷ್ಟು ದಿನ ಹೋಯ್ತು ಅಂತ ಆಮೇಲೆ ಬರ್ಕೊಳ್ಳಿ, ಯಾವ ಕ್ಲಾಸಿಗೆ ಯಾವ ಪಾಠದ ಯಾವ ಭಾಗ ತಪ್ಪೋಯ್ತು ಅಂತ ಮೊದಲು ಬರ್ಕೊಳ್ಳಿ.

ಒಂದು ಉದಾಹರಣೆ ಕೊಡ್ತೀನಿ. ನಾಲ್ಕನೇ ಕ್ಲಾಸಿಗೆ ಭಾಗಾಕಾರ ಶುರು ಮಾಡಿರ್ತೀವಿ, 96ನ್ನ 4ರಿಂದ ಭಾಗಿಸೋದು, 9ರಲ್ಲಿ ಎರಡು ಸಲ ಹೋಯ್ತು, 1 ಉಳೀತು, ಆ 1ರ ಪಕ್ಕ 6 ಇಳಿಸಬೇಕು. ಆ ಇಳಿಸೋದು ಕೈಗೆ ಹತ್ತೋ ಹೊತ್ತಿಗೆ ನಾಲ್ಕು ದಿನ ರಜೆ. ಐದನೇ ದಿನ ಬಂದ ಮಗು 2 ಬರೆದು, ಉಳಿದ 1ನ್ನ ಅಲ್ಲೇ ಬಿಟ್ಟು, 6ನ್ನ 4ರಿಂದ ಬೇರೆಯಾಗಿ ಭಾಗಿಸಿ 21 ಅಂತ ಉತ್ತರ ಬರೆದು ತೋರಿಸುತ್ತೆ, ಧೈರ್ಯವಾಗಿ. ಈ ಮಗುಗೆ ಜನವರಿಲಿ ಒಂದು ಭಾನುವಾರ ಎಕ್ಸ್‌ಟ್ರಾ ಕ್ಲಾಸ್ ಕೊಟ್ರೆ ಏನು ಪ್ರಯೋಜನ ಹೇಳಿ, ಅಷ್ಟೊತ್ತಿಗೆ ಆ ತಪ್ಪು ಆರು ತಿಂಗಳು ಅಭ್ಯಾಸ ಆಗಿರುತ್ತೆ. ಶಾಲೆ ಮತ್ತೆ ತೆರೆದ ಮೊದಲನೇ ದಿನ ಹೊಸ ಪಾಠ ಮುಟ್ಟಲೇಬಾರದು, ಎರಡು ಪೀರಿಯಡ್ ಹಳೇದನ್ನೇ ಬಾಯಲ್ಲಿ ಹೇಳಿಸಿ, ಬೋರ್ಡಿಗೆ ಕರೆದು ಮಾಡಿಸಿ ನೋಡಬೇಕು. ಸಿಲಬಸ್ ಹಿಂದೆ ಬೀಳುತ್ತೆ ಅಂತ ಸಹೋದ್ಯೋಗಿಗಳು ಗೊಣಗ್ತಾರೆ, ಬೀಳುತ್ತೆ, ಬೀಳ್ಲಿ.

ಈಗ ಡಿಸೆಂಬರ್ ವಿಷಯ. ತುಂಬಾ ಶಾಲೆಗಳು ಮಾಡೋದು ಏನಂದ್ರೆ, ಸೆಪ್ಟೆಂಬರಲ್ಲಿ ಎಸ್ಎ1 ಅನ್ನೋ ಅರ್ಧವಾರ್ಷಿಕ ಪರೀಕ್ಷೆ, ಆಮೇಲೆ ದಸರಾ ರಜೆ, ಆಮೇಲೆ ನೋಡೋಣ ಅಂತ ಸರಿದೂಗಿಸೋದನ್ನ ನವೆಂಬರ್ ನಂತರಕ್ಕೆ ಹಾಕ್ಕೋತಾರೆ. ಬಯಲುಸೀಮೆಲಿ ಅದು ನಡೀಬಹುದು, ಕಾಫಿ ನಾಡಲ್ಲಿ ನಡಿಯಲ್ಲ. ನವೆಂಬರ್ ಕೊನೆಯಿಂದ ಅರೇಬಿಕಾ ಕುಯ್ಲು, ಅದು ಮುಗಿಯೋ ಹೊತ್ತಿಗೆ ರೋಬಸ್ಟಾ, ಲೈನ್ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆಯೇ ತೋಟಕ್ಕೆ. ಆರು ಏಳನೇ ಕ್ಲಾಸಿನ ಹುಡುಗಿ ಮನೇಲಿ ತಮ್ಮ ತಂಗಿ ನೋಡ್ಕೋಬೇಕು, ವಾರದ ದಿನ ಹೆಂಗೋ ಬರ್ತಾಳೆ, ಶನಿವಾರ ಮಧ್ಯಾಹ್ನ ಬರಲ್ಲ, ಭಾನುವಾರ ಅಂತೂ ಕನಸು. ಹಂಗಾಗಿ ಜುಲೈಲಿ ಜಾಸ್ತಿ ಕಳ್ಕೊಂಡ ಮಗುನೇ ಡಿಸೆಂಬರ್ ಕ್ಲಾಸಿಗೂ ಗೈರು, ಪೇಟೆ ಮನೆ ಮಕ್ಕಳು ಅದನ್ನೇ ಎರಡು ಸಲ ಕಲೀತಾರೆ. ಕಾಗದದಲ್ಲಿ ದಿನ ಭರ್ತಿ.

ಅದಕ್ಕೆ ನನ್ನ ಸಲಹೆ, ಆಗಸ್ಟ್ ಕೊನೆಗೆ ಮಘೆ ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಶನಿವಾರ ಮಧ್ಯಾಹ್ನ ಶುರು ಮಾಡಿ, ಕುಯ್ಲು ಶುರುವಾಗೋ ಮುಂಚೆ ಆದಷ್ಟು ಮುಗಿಸಿ. ಎರಡು ಶನಿವಾರದ ಮಧ್ಯಾಹ್ನ ಸೇರಿದ್ರೆ ಹೆಚ್ಚುಕಮ್ಮಿ ಒಂದು ದಿನ, ಹತ್ತು ದಿನ ಹೋಗಿದ್ರೆ ಇಪ್ಪತ್ತು ಶನಿವಾರ ಬೇಕು, ಅಷ್ಟು ಸಿಗಲ್ಲ, ಒಪ್ತೀನಿ. ಉಳಿದಿದ್ದಕ್ಕೆ ದಸರಾ ರಜೆಯ ಮೊದಲ ಎರಡು ಮೂರು ದಿನ ತಗೊಳ್ಳಿ ಅಂದ್ರೆ ಎಲ್ಲರಿಗೂ ಕೋಪ ಬರುತ್ತೆ, ಆದ್ರೂ ಕುಯ್ಲಿನ ಕಾಲದ ಭಾನುವಾರಕ್ಕಿಂತ ಅದು ಎಷ್ಟೋ ವಾಸಿ. ಆನ್‌ಲೈನ್ ಕ್ಲಾಸ್ ಮಾಡಬಹುದಲ್ಲ ಅಂತ ಬೆಂಗಳೂರಿನ ಸ್ನೇಹಿತರು ಕೇಳ್ತಾರೆ, ಮಳೆಗಾಲದಲ್ಲಿ ಒಂದು ವಾರ ಕಳಸದಲ್ಲಿ ಇದ್ದು ನೋಡಿ ಸ್ವಾಮಿ, ಟವರ್ ಯಾವಾಗ ಎದ್ದಿರುತ್ತೆ ಅಂತ.

ಶನಿವಾರ ಮಧ್ಯಾಹ್ನದ ಕ್ಲಾಸ್ ಅಂದ್ರೆ ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಸಮಿತಿ) ಜೊತೆ ಎರಡು ಮಾತು ಮುಂಚೆನೇ ಆಡಿರಬೇಕು. ಒಂದು, ಬಿಸಿಯೂಟ. ಅಡುಗೆಯವರಿಗೆ ಶುಕ್ರವಾರನೇ ಹೇಳದಿದ್ರೆ ಮಕ್ಕಳು ಹಸ್ಕೊಂಡು ಮೂರು ಗಂಟೆವರೆಗೆ ಕೂತಿರ್ತಾರೆ, ಹಸಿದ ಮಗುಗೆ ಭಾಗಾಕಾರ ಏನು ಹತ್ತುತ್ತೆ. ಇನ್ನೊಂದು ಬಸ್ಸು, ಶನಿವಾರ ಮಧ್ಯಾಹ್ನದ ಬಸ್ ತಪ್ಪಿದ್ರೆ ಕೆಲವು ಊರಿಗೆ ಮುಂದಿನದು ಸಂಜೆಗೇ. ಕ್ಲಾಸನ್ನ ಆ ಬಸ್ಸಿನ ಟೈಮಿಗೆ ಹೊಂದಿಸಿ, ಮೂರಕ್ಕೆ ಬಿಡೋದು ಅಂದ್ರೆ ಮೂರಕ್ಕೇ ಬಿಡಿ, ನಡ್ಕೊಂಡು ಹೋಗೋ ಮಕ್ಕಳಿಗೆ ತೋಟದ ದಾರಿಲಿ ಬೆಳಕು ಬೇಕು, ಆನೆ ಓಡಾಡೋ ಕಡೆ ಇನ್ನೂ ಬೇಗ ಬಿಡಿ.