ಐಪಿಎ ಡ್ರಮ್ಮಿನೊಳಗಿನ ನೀರಿನ ಲೆಕ್ಕ

ಔಷಧ ಕಾರ್ಖಾನೆಯ ಗುಣಮಟ್ಟ ಪರೀಕ್ಷಾ ವಿಭಾಗಕ್ಕೆ ಬರುವ ದ್ರಾವಕಗಳಲ್ಲಿ ಸಾಧು ಎಂದು ಹೆಸರಾದದ್ದು ಐಸೊಪ್ರೊಪೈಲ್ ಆಲ್ಕೊಹಾಲ್. ಪೂರ್ತಿ ಹೆಸರನ್ನು ಅಲ್ಲಿ ಯಾರೂ ಹೇಳುವುದಿಲ್ಲ, ಎಲ್ಲರ ಬಾಯಲ್ಲೂ ಅದು ಐಪಿಎ. ಬಣ್ಣವಿಲ್ಲದ, ಸ್ಯಾನಿಟೈಸರ್ ಬಳಸಿದವರಿಗೆಲ್ಲ ಪರಿಚಿತವಾದ ವಾಸನೆಯ ಈ ದ್ರವ 82.5 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕುದಿಯುತ್ತದೆ, ಸೊನ್ನೆಗಿಂತ 89 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ, ಲೀಟರಿಗೆ ಸುಮಾರು 785 ಗ್ರಾಂ ತೂಗುತ್ತದೆ. ಈ ಅಂಕಿಗಳು ಯಾವ ಕೈಪಿಡಿಯಲ್ಲಾದರೂ ಸಿಗುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಹೇಳುವುದು ಬೇರೆ: ಡ್ರಮ್ಮಿನ ಮೇಲಿನ ಹೆಸರು ಓದಿದ ಮೇಲೆ ಮೊದಲು ಕೇಳಬೇಕಾದ ಪ್ರಶ್ನೆ, ಒಳಗೆ ನೀರು ಎಷ್ಟಿದೆ ಎಂಬುದು.

ಇದರ ಹುಟ್ಟೇ ನೀರಿನಿಂದ. ಪೆಟ್ರೋಲಿಯಂ ಶುದ್ಧೀಕರಣದಲ್ಲಿ ದೊರೆಯುವ ಪ್ರೊಪಿಲೀನ್ ಅನಿಲಕ್ಕೆ ನೀರಿನ ಒಂದು ಅಣುವನ್ನು ಸೇರಿಸಿದರೆ ಐಪಿಎ ಆಗುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1920ರಲ್ಲಿ ಗಂಧಕಾಮ್ಲದ ನೆರವಿನಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಈಗ ವೇಗವರ್ಧಕದ ಮೇಲೆ ನೇರವಾಗಿ ನೀರು ಕೂಡಿಸುವ ವಿಧಾನವೂ ಅಸಿಟೋನಿಗೆ ಹೈಡ್ರೋಜನ್ ಸೇರಿಸುವ ವಿಧಾನವೂ ಬಳಕೆಯಲ್ಲಿವೆ. ಅಣುವಿನ ನಡುವಿನ ಇಂಗಾಲಕ್ಕೆ ಅಂಟಿದ ಹೈಡ್ರಾಕ್ಸಿಲ್ ಗುಂಪು ನೀರಿನ ಕಡೆಗೂ, ಅಕ್ಕಪಕ್ಕದ ಎರಡು ಮೀಥೈಲ್ ಗುಂಪುಗಳು ಎಣ್ಣೆಜಿಡ್ಡಿನ ಕಡೆಗೂ ವಾಲುವುದರಿಂದ ಅದು ಎರಡೂ ಕಡೆ ಸಲ್ಲುತ್ತದೆ.

ಔಷಧದ ಹರಳುಗಳನ್ನು ಬೇರ್ಪಡಿಸಿ ತೊಳೆಯಲು ಬಳಸಿದ ಐಪಿಎಯನ್ನು ಕಾರ್ಖಾನೆಗಳು ಸಾಮಾನ್ಯವಾಗಿ ಚೆಲ್ಲುವುದಿಲ್ಲ, ಬಟ್ಟಿ ಇಳಿಸಿ ಮತ್ತೆ ಬಳಸುತ್ತವೆ. ಕುದಿಯುವ ಬಿಂದುಗಳ ನಡುವೆ ಹದಿನೇಳು ಡಿಗ್ರಿ ಅಂತರವಿರುವಾಗ ನೀರನ್ನು ಬೇರ್ಪಡಿಸುವುದು ಸುಲಭವೆಂದು ತೋರುತ್ತದೆ. ಆದರೆ ತೂಕದಲ್ಲಿ ಶೇ. 88ರಷ್ಟು ಆಲ್ಕೊಹಾಲ್ ಇರುವ ಹಂತಕ್ಕೆ ಬಂದಾಗ ಮಿಶ್ರಣವು ಎರಡರ ಕುದಿಯುವ ಬಿಂದುವಿಗಿಂತಲೂ ಕಡಿಮೆ, ಸುಮಾರು 80.4 ಡಿಗ್ರಿಯಲ್ಲಿ, ಒಂದೇ ದ್ರವದಂತೆ ಕುದಿಯತೊಡಗುತ್ತದೆ. ಆವಿಯಲ್ಲೂ ದ್ರವದಲ್ಲೂ ನೀರಿನ ಪಾಲು ಒಂದೇ ಆಗಿರುವುದರಿಂದ ಬಟ್ಟಿ ಇಳಿಸುವ ಗೋಪುರವನ್ನು ಎಷ್ಟು ಎತ್ತರಿಸಿದರೂ ಆ ಗೆರೆ ದಾಟುವುದಿಲ್ಲ. ಇದೇ ಅಜಿಯೋಟ್ರೋಪ್. ಹಿಂದೆ ಈ ಜೋಡಿಯನ್ನು ಬಿಡಿಸಲು ಬೆಂಜೀನ್ ಬೆರೆಸುತ್ತಿದ್ದರು. ಅದು ಕ್ಯಾನ್ಸರ್‌ಕಾರಕವಾದ್ದರಿಂದ ಅದರ ಜಾಗಕ್ಕೆ ಸೈಕ್ಲೋಹೆಕ್ಸೇನ್ ಅಥವಾ ನೀರಿನ ಅಣುವನ್ನಷ್ಟೇ ಒಳಗೆ ಬಿಟ್ಟುಕೊಳ್ಳುವ ಆಣ್ವಿಕ ಜರಡಿಗಳು ಬಂದಿವೆ. ಔಷಧದಲ್ಲಿ ಉಳಿಯಬಹುದಾದ ಬೆಂಜೀನಿನ ಮಿತಿ ಹತ್ತು ಲಕ್ಷಕ್ಕೆ 2 ಭಾಗ, ಐಪಿಎಯದು 5,000 ಭಾಗ. ಸಾಧು ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ತರಬೇತಿಗೆ ಬಂದವರಿಗೆ ನಾನೊಂದು ಸಣ್ಣ ಪ್ರಯೋಗ ತೋರಿಸುವುದುಂಟು: ನೀರು ಬೆರೆತ ಐಪಿಎಗೆ ಅಡುಗೆ ಉಪ್ಪು ಸುರಿಯುತ್ತ ಕಲಕಿದರೆ, ನೀರು ಉಪ್ಪಿನ ಕಡೆ ಸರಿದು, ಆಲ್ಕೊಹಾಲ್ ಮೇಲೆ ಬೇರೆ ಪದರವಾಗಿ ನಿಲ್ಲುತ್ತದೆ. ಎಥೆನಾಲಿನಲ್ಲಿ ಅಡುಗೆ ಉಪ್ಪಿನ ಈ ಆಟ ನಡೆಯುವುದಿಲ್ಲ.

ಇಷ್ಟು ಕಷ್ಟಪಟ್ಟು ಓಡಿಸಿದ ನೀರನ್ನು ಸೋಂಕು ನಿವಾರಣೆಗೆಂದು ನಾವೇ ಮತ್ತೆ ಬೆರೆಸುತ್ತೇವೆ. ಶೇ. 99ರದು ಹೆಚ್ಚು ಶಕ್ತಿಯದೆಂದು ಭಾವಿಸಿ ದುಬಾರಿ ಬಾಟಲಿ ಕೊಳ್ಳುವವರಿದ್ದಾರೆ. ರೋಗಾಣುವಿನ ಪ್ರೋಟೀನುಗಳು ಕೆಡಲು ನೀರಿನ ನೆರವು ಬೇಕು. ಶುದ್ಧ ಆಲ್ಕೊಹಾಲ್ ಬೇಗ ಆರಿಯೂ ಹೋಗುತ್ತದೆ. ಆದ್ದರಿಂದಲೇ ನಮ್ಮ ಸ್ವಚ್ಛ ಕೊಠಡಿಗಳಲ್ಲಿ ಮೇಜು ಒರೆಸುವುದು ಶೇ. 70ರ ದ್ರಾವಣದಿಂದ. ವಿಶ್ವ ಆರೋಗ್ಯ ಸಂಸ್ಥೆಯ ಕೈತೊಳೆಯುವ ದ್ರಾವಣದ ಒಂದು ಸೂತ್ರದಲ್ಲಿ ಐಪಿಎ ಗಾತ್ರದಲ್ಲಿ ಶೇ. 75, ಜೊತೆಗೆ ಶೇ. 1.45 ಗ್ಲಿಸರಾಲ್ ಮತ್ತು ಶೇ. 0.125 ಹೈಡ್ರೋಜನ್ ಪೆರಾಕ್ಸೈಡ್. ಈ ಪೆರಾಕ್ಸೈಡ್ ಕೈಯ ರೋಗಾಣುವಿಗಾಗಿ ಅಲ್ಲ, ದ್ರಾವಣದಲ್ಲಿಯೇ ಸೇರಿರಬಹುದಾದ ಬ್ಯಾಕ್ಟೀರಿಯಾ ಬೀಜಾಣುಗಳಿಗಾಗಿ (ಗಟ್ಟಿ ಕವಚದೊಳಗೆ ಸುಪ್ತವಾಗಿರುವ ಬ್ಯಾಕ್ಟೀರಿಯಾ ರೂಪ), ಏಕೆಂದರೆ ಬೀಜಾಣುಗಳ ಮುಂದೆ ಆಲ್ಕೊಹಾಲಿನ ಆಟ ನಡೆಯದು.

ಮೊಬೈಲ್ ರಿಪೇರಿ ಅಂಗಡಿಯವರ ಲೆಕ್ಕ ಇದಕ್ಕೆ ತದ್ವಿರುದ್ಧ. ಸರ್ಕ್ಯೂಟ್ ಬೋರ್ಡಿನ ಮೇಲೆ ಬೆಸುಗೆ ಹಾಕಿದ ನಂತರ ಉಳಿಯುವ ರಾಳದಂಥ ಫ್ಲಕ್ಸ್ ಕರಗಬೇಕು, ಗುರುತಿಲ್ಲದೆ ಆರಬೇಕು, ತಂತಿಗಳ ನಡುವೆ ತೇವ ಉಳಿಯಬಾರದು, ಅವರಿಗೆ ಶೇ. 99ರದೇ ಸರಿ.

ನೀರು ಬೆರೆತಿದೆಯೆಂದು ಬೆಂಕಿಯ ವಿಷಯದಲ್ಲಿ ಸಡಿಲ ಬಿಡುವಂತಿಲ್ಲ. ಶುದ್ಧ ಐಪಿಎಯ ಜ್ವಲನ ಬಿಂದು, ಅಂದರೆ ಅದರ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ, ಸುಮಾರು 12 ಡಿಗ್ರಿ, ಶೇ. 70ರದೂ ನಮ್ಮ ಕೋಣೆಯ ಉಷ್ಣತೆಗಿಂತ ಕಡಿಮೆ. ಆವಿ ಗಾಳಿಗಿಂತ ಎರಡು ಪಟ್ಟು ಭಾರವಾದ್ದರಿಂದ ನೆಲ ಹಿಡಿದು ಸಾಗಿ ದೂರದ ಕಿಡಿಯನ್ನು ತಲುಪಬಲ್ಲದು. ಪೆಟ್ರೋಲ್ ಬೆಂಕಿಗೆ ಬಳಸುವ ಸಾಮಾನ್ಯ ನೊರೆ ಇಲ್ಲಿ ನಿಲ್ಲುವುದಿಲ್ಲ, ನೊರೆಯೊಳಗಿನ ನೀರನ್ನೇ ಆಲ್ಕೊಹಾಲ್ ಎಳೆದುಕೊಂಡು ಗುಳ್ಳೆಗಳನ್ನು ಕುಸಿಯುವಂತೆ ಮಾಡುತ್ತದೆ; ಆಲ್ಕೊಹಾಲ್ ತಡೆಯುವ ನೊರೆಯನ್ನೇ ಇಟ್ಟಿರಬೇಕು. ಇನ್ನು ಕುಡಿಯುವ ಮಾತೇ ಬೇಡ: ಮೆದುಳನ್ನು ಮಂಕುಗೊಳಿಸುವುದರಲ್ಲಿ ಇದು ಮದ್ಯದ ಆಲ್ಕೊಹಾಲಿಗಿಂತ ತೀವ್ರ, ದೇಹದೊಳಗೆ ಅಸಿಟೋನ್ ಆಗಿ ಬದಲಾಗುತ್ತದೆ.

ಒಂದು ಮಳೆಗಾಲದಲ್ಲಿ ನಾನು ತೆಗೆದಿಟ್ಟ ಮಾದರಿಯ ಬಾಟಲಿಗೆ ಮುಚ್ಚಳ ಸರಿಯಾಗಿ ಬಿಗಿದಿರಲಿಲ್ಲ. ಕಾರ್ಲ್ ಫಿಶರ್ ವಿಧಾನದಲ್ಲಿ ನೀರನ್ನು ಅಳೆದಾಗ ಮಿತಿ ಮೀರಿತ್ತು, ಸರಕನ್ನು ತಿರಸ್ಕರಿಸುವ ಚೀಟಿಯೂ ಸಿದ್ಧವಾಗಿತ್ತು. ಅನುಮಾನ ಬಂದು ಅದೇ ಡ್ರಮ್ಮಿನಿಂದ ಹೊಸ ಮಾದರಿ ತೆಗೆದು ಅಳೆದರೆ ಎಲ್ಲವೂ ಸರಿಯಿತ್ತು. ಹೆಚ್ಚಿನ ನೀರು ಬಂದದ್ದು ಪೂರೈಕೆದಾರನಿಂದಲ್ಲ, ನಮ್ಮ ಕಿಟಕಿಯಾಚೆಯ ಗಾಳಿಯಿಂದ.