ಸೋಪ್ ಉತ್ತರದಿಂದ ಮೌಲ್ಯವನ್ನು ಹೊರತೆಗೆಯುವಾಗ

ಬದಿಯಡ್ಕ, ಕುಂಬಳೆ ಕಡೆಯ ಅಡಿಕೆ ವ್ಯಾಪಾರಿಗಳ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ದಿನದ ದರವನ್ನು ಹಳೆಯ ಸೋಪ್ (ಎಕ್ಸ್‌ಎಂಎಲ್ ರೂಪದಲ್ಲಿ ಸಂದೇಶ ಕಳಿಸುವ ಪದ್ಧತಿ) ಸರ್ವರ್‌ನಿಂದ ತರಿಸಿಕೊಡುವ ಕೆಲಸ ಕಾಸರಗೋಡಿನ ನಮ್ಮಂಥ ಡೆವಲಪರ್‌ಗಳಿಗೆ ಈಗಲೂ ಬರುವುದುಂಟು. ಅದರಲ್ಲಿ ಹೊಸಬರ ದೂರು ಹೆಚ್ಚಾಗಿ ಒಂದೇ: ಲಾಗ್‌ನಲ್ಲಿ ದರ ಕಣ್ಣಿಗೆ ಕಾಣುತ್ತದೆ, ಎಕ್ಸ್‌ಎಂಎಲ್‌ನಲ್ಲಿ ಬೇಕಾದುದನ್ನು ಹುಡುಕುವ ಎಕ್ಸ್‌ಪಾತ್ ಬರೆದು ನೋಡಿದರೆ ಏನೂ ಸಿಗುವುದಿಲ್ಲ.

ಕಾರಣ ನೇಮ್‌ಸ್ಪೇಸ್, ಅಂದರೆ ಎಲಿಮೆಂಟಿನ ಹೆಸರು ಯಾವ ಗುಂಪಿನದೆಂದು ಹೇಳುವ ವಿಳಾಸ. ನಮ್ಮೂರಿನಲ್ಲಿ ಒಂದೇ ಹೆಸರಿನ ನಾಲ್ವರಿದ್ದರೆ ಮನೆ ಹೆಸರು ಹೇಳದೆ ಗುರುತು ಹತ್ತುವುದಿಲ್ಲವಲ್ಲ, ಇದೂ ಹಾಗೆಯೇ. ಎಕ್ಸ್‌ಪಾತ್ 1.0ರಲ್ಲಿ ಪ್ರಿಫಿಕ್ಸ್ (ನೇಮ್‌ಸ್ಪೇಸನ್ನು ಸೂಚಿಸಲು ಹೆಸರಿನ ಮುಂದೆ ಹಾಕುವ ಚುಟುಕು ಗುರುತು) ಇಲ್ಲದೆ ಬರೆದ ಹೆಸರು ನೇಮ್‌ಸ್ಪೇಸ್ ಇಲ್ಲದ ಎಲಿಮೆಂಟನ್ನು ಮಾತ್ರ ಸೂಚಿಸುತ್ತದೆ. ಆದ್ದರಿಂದ ಉತ್ತರದಲ್ಲಿರುವ ನೇಮ್‌ಸ್ಪೇಸ್ ವಿಳಾಸಕ್ಕೆ ನಮ್ಮದೇ ಒಂದು ಪ್ರಿಫಿಕ್ಸನ್ನು ಕೋಡ್‌ನಲ್ಲಿ ನೋಂದಾಯಿಸಿ ಹುಡುಕಬೇಕು. ಸರ್ವರ್ ಬಳಸಿದ ಪ್ರಿಫಿಕ್ಸ್ ಯಾವುದೇ ಇರಲಿ, ಚಿಂತೆಯಿಲ್ಲ. ಇಡೀ ಸಂದೇಶವನ್ನು ಸುತ್ತುವ ಎನ್ವಲಪ್‌ನ ನೇಮ್‌ಸ್ಪೇಸ್ ವಿಳಾಸ ಮಾತ್ರ ಸೋಪ್ 1.1ಕ್ಕೂ 2003ರಲ್ಲಿ ಶಿಫಾರಸಾದ 1.2ಕ್ಕೂ ಬೇರೆ ಬೇರೆ.

ಎನ್ವಲಪ್‌ನಲ್ಲಿ ಉತ್ತರವನ್ನು ಹೊತ್ತಿರುವ ಭಾಗವಾದ ಬಾಡಿಯ ಒಳಗೆ ಇನ್ನೊಂದು ತೊಡಕಿದೆ. ಡಾಟ್‌ನೆಟ್‌ನ ಹಳೆಯ ಸೇವೆಗಳಲ್ಲಿ ‘ಗೆಟ್‌ರೇಟ್‌ರೆಸ್ಪಾನ್ಸ್’ ಒಳಗೆ ‘ಗೆಟ್‌ರೇಟ್‌ರಿಸಲ್ಟ್’ ಇರುತ್ತದೆ, ಅದು ಹೊರಗಿನದರ ನೇಮ್‌ಸ್ಪೇಸಿಗೇ ಸೇರಿರುತ್ತದೆ. ಜಾವಾದ ಸೇವೆಗಳಲ್ಲಾದರೋ ಹೊರಗಿನದಕ್ಕೆ ನೇಮ್‌ಸ್ಪೇಸ್ ಇದ್ದು, ಒಳಗಿನ ‘ರಿಟರ್ನ್’ ಸಾಮಾನ್ಯವಾಗಿ ನೇಮ್‌ಸ್ಪೇಸ್ ಇಲ್ಲದೆ ಇರುವುದರಿಂದ, ಎರಡಕ್ಕೂ ಪ್ರಿಫಿಕ್ಸ್ ಕೊಟ್ಟರೆ ಮತ್ತೆ ಶೂನ್ಯವೇ ಗತಿ. ‘ಲೋಕಲ್‌-ನೇಮ್’ (ನೇಮ್‌ಸ್ಪೇಸ್ ಬಿಟ್ಟು ಬರಿಯ ಹೆಸರನ್ನಷ್ಟೇ ನೋಡುವ ಎಕ್ಸ್‌ಪಾತ್ ಫಂಕ್ಷನ್) ಬಳಸಿ ಇದನ್ನೆಲ್ಲ ದಾಟಬಹುದು ಎನ್ನುವವರಿದ್ದಾರೆ. ತಾತ್ಕಾಲಿಕ ಪರಿಶೀಲನೆಗೆ ಅದು ಸಾಕು, ಗಿರಾಕಿಯ ಕಂಪ್ಯೂಟರಿಗೆ ಹೋಗುವ ಕೋಡ್‌ನಲ್ಲಿ ನಾನು ಅದನ್ನು ಒಪ್ಪುವುದಿಲ್ಲ.

ಮೌಲ್ಯಕ್ಕೆ ಕೈಹಾಕುವ ಮುನ್ನ ಬಾಡಿಯಲ್ಲಿ ತಪ್ಪಾಗಿದೆಯೆಂದು ತಿಳಿಸುವ ‘ಫಾಲ್ಟ್’ ಇದೆಯೇ ಎಂದು ನೋಡಬೇಕು. ಸೋಪ್ 1.1ರಲ್ಲಿ ಫಾಲ್ಟ್ ಸರ್ವರ್ ದೋಷದ ಸಂಕೇತವಾದ ಎಚ್‌ಟಿಟಿಪಿ 500ರ ಜೊತೆಗೆ ಬರುತ್ತದೆ. 500 ಕಂಡೊಡನೆ ಉತ್ತರವನ್ನೇ ಬಿಸುಟರೆ, ಸರ್ವರ್ ಹೇಳಿದ ಕಾರಣವೂ ಅದರೊಂದಿಗೇ ಹೋಗುತ್ತದೆ. ‘ನಿಲ್’ (ಮೌಲ್ಯವಿಲ್ಲ) ಎಂದು ಗುರುತಾದ ಎಲಿಮೆಂಟನ್ನು ಸೊನ್ನೆ ಎಂದು ಓದಲೇಬಾರದು, ದರವಿಲ್ಲದ ದಿನ ಸೊನ್ನೆ ರೂಪಾಯಿಯ ಬಿಲ್ಲು ಹೊರಡುತ್ತದೆ. ಕೆಲವು ಸರ್ವರ್‌ಗಳು ಇಡೀ ಎಕ್ಸ್‌ಎಂಎಲ್ಲನ್ನೇ ಅಕ್ಷರಮಾಲೆಯಾಗಿಸಿ ರಿಸಲ್ಟ್‌ನೊಳಗೆ ತುರುಕುತ್ತವೆ. ಅಂಥದ್ದನ್ನು ಹೊರತೆಗೆದು ಎರಡನೆಯ ಸಲ ಪಾರ್ಸ್ ಮಾಡಬೇಕು.

ಪಿಎಚ್‌ಪಿಯ ಸೋಪ್‌ಕ್ಲೈಂಟ್ ಬಳಸುವವರಿಗೆ ಎಕ್ಸ್‌ಪಾತ್‌ನ ಗೊಡವೆಯಿಲ್ಲ, ಉತ್ತರ ಆಬ್ಜೆಕ್ಟ್ ಆಗಿಯೇ ಕೈಗೆ ಬರುತ್ತದೆ. ಆದರೆ ಅಡಿಕೆಯ ದರ್ಜೆಗಳಾದ ಹೊಸತು, ಪಟೋರ, ಕರಿಗೋಟು ಎಂದು ಹಲವು ದರಗಳಿದ್ದಾಗ ಅರೇ (ಪಟ್ಟಿ) ಕೊಡುವ ಅದೇ ಕ್ಲೈಂಟ್, ಒಂದೇ ದರವಿದ್ದ ದಿನ ಅರೇ ಬಿಟ್ಟು ಬರಿಯ ಆಬ್ಜೆಕ್ಟ್ ಕೊಡುತ್ತದೆ, ಲೂಪ್ ಅದರ ಒಳಗಿನ ಫೀಲ್ಡ್‌ಗಳ ಮೇಲೆ ಓಡುತ್ತದೆ. ಕ್ಲೈಂಟ್ ರಚಿಸುವಾಗಲೇ ‘ಸೋಪ್ ಸಿಂಗಲ್ ಎಲಿಮೆಂಟ್ ಅರೇಸ್’ ಆಯ್ಕೆಯನ್ನು ಕೊಟ್ಟುಬಿಟ್ಟರೆ ಒಂದೇ ದರವೂ ಅರೇಯಾಗಿಯೇ ಬರುತ್ತದೆ.