ಸುಮ್ಮನಿದ್ದ ಮಾತ್ರಕ್ಕೆ ನಾಯಿ ‘ಕಾಮ್’ (calm) ಆಗಿದೆ ಅನ್ನಬೇಡಿ

“ಡಾಕ್ಟ್ರೇ, ನಮ್ ನಾಯಿ ತುಂಬಾ ಕಾಲ್ಮ್. ಏನ್ ಬೇಕಾದ್ರೂ ಮಾಡಿ, ಅಲ್ಲಾಡಲ್ಲ.”

ಅಲ್ಲಾಡುತ್ತಿಲ್ಲ, ನಿಜ. ಆದರೆ ಬಾಲ ಹೊಟ್ಟೆಯಡಿ ಸೇರಿದೆ, ಕಿವಿ ಹಿಂದಕ್ಕೆ ಅಂಟಿದೆ, ಕಣ್ಣಂಚಿನಲ್ಲಿ ಬಿಳಿ ಕಾಣುತ್ತಿದೆ. ತಿನ್ನಲು ಏನೂ ಕೊಡದಿದ್ದರೂ ಮೂತಿ ನೆಕ್ಕಿಕೊಳ್ಳುತ್ತಿದೆ. ಸ್ಟೀಲ್ ಮೇಜಿನ ಮೇಲೆ ನಾಲ್ಕು ಒದ್ದೆ ಹೆಜ್ಜೆ ಗುರುತು. ನಾಯಿ ಬೆವರುವುದು ಅಂಗಾಲಿನಲ್ಲಿ. ಹೆದರಿ ಮರಗಟ್ಟಿದ ನಾಯಿ ಇದು. ಇಂಥದ್ದೇ ಗುರ್ ಎನ್ನದೆ ಒಮ್ಮೆಲೇ ಬಾಯಿ ಹಾಕುವುದು, ಅದರಲ್ಲೂ ಗುರ್ ಎಂದಾಗಲೆಲ್ಲ ಏಟು ತಿಂದು ಬೆಳೆದಿದ್ದರೆ.

ಪಾಮ್ ಆಯಿಲ್ ಅನ್ನುವಾಗ ‘ಲ್’ ಬಿಡುತ್ತೀರಲ್ಲ, ಹಾಗೆಯೇ ಈ ಇಂಗ್ಲಿಷ್ ಪದ ‘ಕಾಲ್ಮ್’ ಅಲ್ಲ, ‘ಕಾಮ್’. ಉಚ್ಚಾರಣೆ ತಪ್ಪಿದರೆ ನಾಯಿಗೇನೂ ನಷ್ಟವಿಲ್ಲ, ಅರ್ಥ ತಪ್ಪಬಾರದು. ಸದ್ದು ಮಾಡದಿದ್ದರೆ ಇಂಗ್ಲಿಷಿನಲ್ಲಿ ಕ್ವಯಟ್, ಅಲ್ಲಾಡದಿದ್ದರೆ ಸ್ಟಿಲ್. ಮನಸ್ಸೂ ಮೈಯೂ ನಿರಾಳವಾಗಿದ್ದರೆ ಮಾತ್ರ ಕಾಮ್. ಅಂಥ ನಾಯಿ ಸೊಂಟವನ್ನು ಒಂದು ಪಕ್ಕಕ್ಕೆ ವಾಲಿಸಿ ಮಲಗುತ್ತದೆ, ಕೊಟ್ಟಿದ್ದನ್ನು ಕಿತ್ತುಕೊಳ್ಳದೆ ಮೆಲ್ಲಗೆ ತಿನ್ನುತ್ತದೆ. ಆರೋಗ್ಯವಾಗಿದ್ದೂ ಇಷ್ಟದ ಕೋಳಿ ತುಂಡು ಮುಟ್ಟದಿದ್ದರೆ ಭಯವಿದೆ ಎಂದೇ ತಿಳಿಯಿರಿ.

ಬಿ.ಎಚ್. ರಸ್ತೆಯಲ್ಲಿ ಗಣೇಶನ ಮೆರವಣಿಗೆಯ ತಮಟೆ ಶುರುವಾದಾಗ “ಕಾಮ್ ಡೌನ್, ಕಾಮ್ ಡೌನ್” ಎಂದು ಮನೆಮಂದಿಯೆಲ್ಲ ಕೂಗಿದರೆ ನಾಯಿಗೆ ಅದು ಇನ್ನೊಂದು ಗದ್ದಲ, ಅಷ್ಟೇ. ‘ಡೌನ್’ ಎಂದರೆ ಮಲಗು ಎಂದು ಕಲಿತಿದ್ದರಂತೂ ಪೂರ್ತಿ ಗೊಂದಲ. ಪದವನ್ನು ಹಬ್ಬಕ್ಕೆ ತಿಂಗಳು ಮೊದಲೇ ಕಲಿಸಬೇಕು. ಸಂಜೆ ಸುತ್ತಾಡಿಸಿ ಬಂದ ಮೇಲೆ ಮಡಿಸಿದ ಗೋಣಿಚೀಲದ ಮೇಲೆ ಮಲಗಲು ಬಿಡಿ. ಸೊಂಟ ವಾಲಿದ ಕ್ಷಣ ತಗ್ಗಿದ ದನಿಯಲ್ಲಿ ಒಂದೇ ಸಲ ‘ಕಾಮ್’ ಅನ್ನಿ. ಕಡಲೆಕಾಳಿನಷ್ಟು ಬೇಯಿಸಿದ ಕೋಳಿಯನ್ನು ಮುಂಗಾಲುಗಳ ನಡುವೆ ಇಡಿ. ಎಸೆದರೆ ಎದ್ದು ಓಡುತ್ತದೆ. ದಿನಕ್ಕೆರಡು ಸಲ, ಐದೈದು ನಿಮಿಷ ಸಾಕು. ಎರಡು ಮೂರು ವಾರದ ನಂತರ ಮೊಬೈಲಿನಲ್ಲಿ ತಮಟೆ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣದಾಗಿ ಹಾಕಿ. ತಿನ್ನುವುದು ನಿಲ್ಲಿಸಿದರೆ ನೀವು ಅವಸರ ಮಾಡಿದ್ದೀರಿ, ಸದ್ದು ತಗ್ಗಿಸಿ. ಕಲಿಕೆ ಗಟ್ಟಿಯಾಗುವ ಮೊದಲೇ ಪಟಾಕಿ ನಡುವೆ ಈ ಪದ ಬಳಸಿದರೆ ‘ಕಾಮ್’ ಎಂದರೆ ಏನೋ ಅಪಾಯ ಎಂದು ಕಲಿತುಬಿಡುತ್ತದೆ.

ತಬ್ಬಿದರೆ ಭಯ ಹೆಚ್ಚುತ್ತದೆ ಎಂಬ ಮಾತನ್ನು ನಂಬಬೇಡಿ. ಪಾಪ, ಮಡಿಲಿಗೆ ಬಂದರೆ ಬರಲಿ, ಬೆನ್ನು ಸವರಿ. ಮಂಚದಡಿ ಸೇರಿದರೆ ಎಳೆಯಬೇಡಿ.

ಅಲ್ಲಾಡದಿದ್ದರೆ ಕಾಮ್ ಎಂದುಕೊಳ್ಳುವ ತಪ್ಪು ಔಷಧದಲ್ಲೂ ಆಗುತ್ತದೆ. ಏಸ್‌ಪ್ರೊಮಜಿನ್ ಎಂಬ ಮಂಪರು ಔಷಧ ಒಂದನ್ನೇ ಕೊಟ್ಟರೆ ಮೈ ಜೋಲುತ್ತದೆ, ಭಯ ಒಳಗೆ ಹಾಗೇ ಉಳಿಯಬಹುದು. ಭಯಕ್ಕೆಂದೇ ಬೇರೆ ಮಾತ್ರೆಗಳಿವೆ. ನಾಯಿಯನ್ನು ನೋಡದೆ ಪ್ರಮಾಣ ಹೇಳಲಾಗದು. ಹಬ್ಬಕ್ಕೆ ವಾರ ಮೊದಲೇ ಬನ್ನಿ, ಒಂದು ಸಲ ಕೊಟ್ಟು ನೋಡಲು ಸಮಯ ಬೇಕು. ಮನುಷ್ಯರ ಸಿರಪ್ ಹಾಕಬೇಡಿ. ಕೆಲವದರಲ್ಲಿ ಸಕ್ಕರೆ ಬದಲು ಸಿಹಿಗೆ ಹಾಕುವ ಕ್ಸೈಲಿಟಾಲ್ ಇರುತ್ತದೆ, ಅದು ನಾಯಿಗೆ ವಿಷ.

ಆಪರೇಷನ್ ಆದ ಮೇಲೆ ಚೀಟಿಯಲ್ಲಿ ‘ಕೀಪ್ ಕಾಮ್’ ಎಂದು ಬರೆದಿದ್ದರೆ ಕಾರ್ ಶೆಡ್ಡಿನ ಕತ್ತಲಲ್ಲಿ ಒಂಟಿಯಾಗಿ ಕಟ್ಟಿಹಾಕಿ ಎಂದರ್ಥವಲ್ಲ. ಹೊಲಿಗೆ ಮಾಯುವ 10–14 ದಿನ ನೆಗೆತ, ಮೆಟ್ಟಿಲು ಬೇಡ; ಉಚ್ಚೆಗೆ ಬೆಲ್ಟ್ ಹಿಡಿದೇ ಕರೆದೊಯ್ಯಿರಿ. ಉಳಿದ ಹೊತ್ತು ನೀವು ಕೂರುವ ಕೋಣೆಯಲ್ಲೇ ಅದರ ಗೋಣಿಚೀಲ ಹಾಸಿ.